ಊರಿನ ಅಂದಕ್ಕೆ ದುಡಿದ ದಿವಾನರು: ಸರ್ ಮಿರ್ಜಾ ಇಸ್ಮಾಯಿಲ್

ಜೈಪುರಕ್ಕೆ ಪ್ರವಾಸ ಹೋಗುವ ನಾವು ಎಂ.ಐ. ರಸ್ತೆಯಲ್ಲಿ ಅಡ್ಡಾಡದೆ ಹಿಂದಿರುಗುವುದು ವಿರಳ. ಆ ಎರಡಕ್ಷರಗಳು ನಮ್ಮ ಬೆಂಗಳೂರಿನವರೇ ಆದ ಮಿರ್ಜಾ ಇಸ್ಮಾಯಿಲ್ ಅವರ ಹೆಸರಿನವು.

1883ರಲ್ಲಿ ಜನಿಸಿದ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ. ಸೆಂಟ್ರಲ್ ಕಾಲೇಜಿನ ಪದವೀಧರರು. 1926ರಿಂದ 1941ರವರೆಗೆ ಮೈಸೂರಿನ ದಿವಾನರು. ಕೈಗಾರಿಕೆಗಳ ಕಥೆ ಹಾಗಿರಲಿ, ನಮ್ಮನ್ನು ಸೆಳೆಯುವುದು ಊರಿನ ಚೆಲುವಿನ ಬಗ್ಗೆ ಅವರಿಗಿದ್ದ ಹಟ. ಮುಂಜಾನೆ ಕುದುರೆಯೇರಿ ಬೆಂಗಳೂರಿನ ಬೀದಿಗಳನ್ನು ಸುತ್ತಿ, ಚರಂಡಿ, ಸಾಲುಮರ, ವೃತ್ತಗಳನ್ನು ಕಣ್ಣಾರೆ ಕಂಡು ಅಧಿಕಾರಿಗಳಿಗೆ ಸೂಚನೆ ನೀಡುತ್ತಿದ್ದರು. ಪುರಭವನ 1935ರಲ್ಲಿ ಸಿದ್ಧವಾದದ್ದು, ಕನ್ನಂಬಾಡಿಯ ಕೆಳಗೆ ಬೃಂದಾವನ ಅರಳಿದ್ದು ಅವರ ಕಾಲದಲ್ಲೇ. ನೀರಾವರಿಯ ಕಟ್ಟೆಯೊಂದು ಸಾಮಾನ್ಯ ಜನರ ವಿಹಾರತಾಣವೂ ಆಗಬಹುದೆಂದು ಕಂಡದ್ದೇ ದೊಡ್ಡ ಮಾತು!

ಆದರೆ ಮೆಚ್ಚುಗೆಯಷ್ಟೇ ಅವರ ಪಾಲಿಗೆ ಬರಲಿಲ್ಲ. 1928ರ ಬೆಂಗಳೂರಿನ ಗಣಪತಿ ಗಲಭೆಯಲ್ಲಿ ಅವರ ಆಡಳಿತ ಕಟುಟೀಕೆಗೆ ಗುರಿಯಾಯಿತು. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿ ವಿಚಾರಣೆ ನಡೆಸಿತು.

1942ರಲ್ಲಿ ಜೈಪುರದ ಪ್ರಧಾನಮಂತ್ರಿಯಾದ ಮಿರ್ಜಾ, ಕೋಟೆಗೋಡೆಯೊಳಗೆ ಕಿಕ್ಕಿರಿದಿದ್ದ ನಗರದ ಬೆಳವಣಿಗೆಯನ್ನು ದಕ್ಷಿಣಕ್ಕೆ, ಗೋಡೆಯ ಹೊರಗೆ ತಿರುಗಿಸಿದರು. ಅಗಲವಾದ ರಸ್ತೆಗಳೂ ಹೊಸ ಬಡಾವಣೆಗಳೂ ಮೂಡಿದವು. ಮೈದಾನ, ಚೌಕಗಳನ್ನು ಒಂದೊಂದಾಗಿ ಕಳೆದುಕೊಳ್ಳುತ್ತಿರುವ ಮಹಾನಗರವಾಸಿಗಳಾದ ನಮಗೆ ಈ ದೂರದೃಷ್ಟಿಯ ಬೆಲೆ ಚೆನ್ನಾಗಿ ಗೊತ್ತು.

1946ರಲ್ಲಿ ಹೈದರಾಬಾದಿಗೆ ಹೋದರು. ಭಾರತದೊಡನೆ ಹೊಂದಾಣಿಕೆಯಾಗಲೆಂಬ ಅವರ ಸಲಹೆ ಅಲ್ಲಿನ ಉಗ್ರವಾದಿಗಳಿಗೆ ರುಚಿಸಲಿಲ್ಲ, ಮರುವರ್ಷವೇ ರಾಜೀನಾಮೆಯಿತ್ತರು. 1959ರ ಜನವರಿಯಲ್ಲಿ ಮಿರ್ಜಾ ನಿಧನರಾದರು.