ಹೆಬ್ಬೆಟ್ಟಿಗೆ ಲೆಕ್ಕ ಹಚ್ಚಿದ ಅಜೀಜುಲ್ ಹಕ್: ಕೆಲಸ ಇವರದು, ಹೆಸರು ಸಾಹೇಬರದು

ಗೋಕಾಕ: ರೇಷನ್ ಅಂಗಡಿಯಲ್ಲಿ ಅಕ್ಕಿ ಬೇಕಂದ್ರೆ ಹೆಬ್ಬೆಟ್ಟು. ಹೊಲ ಖರೀದಿಗೆ ಉಪನೋಂದಣಿ ಕಚೇರಿಗೆ ಹೋದ್ರೆ ಹೆಬ್ಬೆಟ್ಟು. ರಾತ್ರಿ ಅಂಗಡಿ ಶಟರ್ ಮೀಟಿ ಕಳ್ಳತನ ಆದ್ರೆ ಪೊಲೀಸರ ಜೊತೆ ಬರುವ ಬೆರಳಚ್ಚು ತಜ್ಞರು ಪುಡಿ ಬಳಿದು ಹುಡುಕೋದೂ ಬೆರಳಿನ ಗುರುತನ್ನೇ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕಿನ ಮಂದಿ ದಿನಾ ಒಂದಲ್ಲ ಒಂದು ಕಡೆ ಬೆರಳು ಒತ್ತುತ್ತಾರೆ. ಆದರೆ ಲಕ್ಷಾಂತರ ಬೆರಳಚ್ಚಿನ ಒಳಗಿಂದ ಒಬ್ಬನದನ್ನು ಹುಡುಕಿ ತೆಗೆಯುವ ಲೆಕ್ಕ ಹಾಕಿಕೊಟ್ಟವರು ಒಬ್ಬ ಭಾರತೀಯ ಸಬ್ ಇನ್ಸ್‌ಪೆಕ್ಟರ್ ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ. ಅವರೇ ಖಾಜಿ ಅಜೀಜುಲ್ ಹಕ್.

ಮನೆ ಬಿಟ್ಟು ಓಡಿ ಬಂದ ಹುಡುಗ

ಹಕ್ ಹುಟ್ಟಿದ್ದು 1872ರಲ್ಲಿ, ಆಗಿನ ಬಂಗಾಳದ ಖುಲ್ನಾ ಸೀಮೆಯ ಪೈಗ್ರಾಮ್ ಕಸ್ಬಾ ಎಂಬ ಹಳ್ಳಿಯಲ್ಲಿ. ಈಗ ಅದು ಬಾಂಗ್ಲಾದೇಶದಲ್ಲಿದೆ. ಸಣ್ಣವರಿದ್ದಾಗಲೇ ದೋಣಿ ದುರಂತದಲ್ಲಿ ತಂದೆ-ತಾಯಿ ತೀರಿಕೊಂಡರು. ಮನೆ ಜವಾಬ್ದಾರಿ ಅಣ್ಣನ ಮೇಲೆ ಬಿತ್ತು. ತಮ್ಮನಿಗೋ ಹಸಿವು ಜಾಸ್ತಿ. ಒಂದು ದಿನ ತನ್ನ ಪಾಲಿನ ಜೊತೆ ಬೇರೆಯವರ ಪಾಲಿನದನ್ನೂ ತಿಂದುಬಿಟ್ಟ, ಅದಕ್ಕೆ ಅಣ್ಣ ಹೊಡೆದ, ಸಿಟ್ಟಿಗೆದ್ದ ಹುಡುಗ 12ನೇ ವಯಸ್ಸಿಗೆ ಮನೆ ಬಿಟ್ಟು ಕಲ್ಕತ್ತೆಗೆ ಓಡಿದ ಅಂತ ಅವರ ಮನೆತನದಲ್ಲಿ ಕಥೆ ಹೇಳ್ತಾರೆ.

ಅದು 1880ರ ದಶಕ. ನಮ್ಮ ಕಡೆ ಘಟಪ್ರಭಾ ನೀರಿನ ಬಲದ ಮೇಲೆ ಗೋಕಾಕ ಫಾಲ್ಸ್ ಗಿರಣಿ ತಲೆ ಎತ್ತಿದ್ದೂ ಅದೇ ದಶಕದಲ್ಲಿ. ಕಲ್ಕತ್ತೆಯಲ್ಲಿ ಗುರುತು ಪರಿಚಯ ಇಲ್ಲದ ಹುಡುಗನಿಗೆ ಒಂದು ಕುಟುಂಬ ಆಸರೆ ಕೊಟ್ಟಿತು. ಹುಡುಗ ಲೆಕ್ಕದಲ್ಲಿ ಬಲು ಚುರುಕು ಅನ್ನೋದು ಅವರ ಕಣ್ಣಿಗೆ ಬಿತ್ತು. ಸಾಲಿಗೆ ಹಚ್ಚಿದರು. ಮುಂದೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ, ವಿಜ್ಞಾನ ಓದಿದರು.

ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಗೆ ಆಗ ಲೆಕ್ಕ ಚೆನ್ನಾಗಿ ಬಲ್ಲ ಹುಡುಗ ಬೇಕಾಗಿದ್ದ. ಕಾಲೇಜಿನವರು ಹಕ್ ಹೆಸರು ಕಳಿಸಿಕೊಟ್ಟರು. 1892ರಲ್ಲಿ ಹಕ್ ಸಬ್ ಇನ್ಸ್‌ಪೆಕ್ಟರ್ ಆಗಿ ಪೊಲೀಸ್ ಇಲಾಖೆ ಸೇರಿದರು.

ಮೈ ಅಳತೆಯ ಕಿರಿಕಿರಿ

ಆಗ ಪೊಲೀಸರಿಗೆ ಇದ್ದ ದೊಡ್ಡ ತಲೆನೋವು ಹಳೇ ಅಪರಾಧಿಗಳದ್ದು. ಒಂದು ಜಿಲ್ಲೆಯಲ್ಲಿ ಜೈಲಿಗೆ ಹೋಗಿ ಬಂದವನು ಇನ್ನೊಂದು ಜಿಲ್ಲೆಯಲ್ಲಿ ಬೇರೆ ಹೆಸರು ಹೇಳಿದರೆ ಮುಗೀತು, ಅವನು ಹೊಸಬ. ಇದಕ್ಕೆ ಫ್ರಾನ್ಸಿನ ಬರ್ಟಿಲಾನ್ ಎಂಬವರು ಮೈ ಅಳೆಯುವ ಪದ್ಧತಿ ಕಂಡುಹಿಡಿದಿದ್ದರು. ತಲೆಯ ಉದ್ದ, ಕೈಬೆರಳು, ಪಾದ, ಮೊಣಕೈ ಹೀಗೆ ಅಳೆದು ಕಾರ್ಡಿನಲ್ಲಿ ಬರೆದಿಡೋದು. ಹೆನ್ರಿ ಅದನ್ನೇ ಬಂಗಾಳದಲ್ಲೂ ತಂದರು. ಆದರೆ ಒಬ್ಬ ಪೇದೆ ಟೇಪು ಬಿಗಿಯಾಗಿ ಹಿಡಿದರೆ ಇನ್ನೊಬ್ಬ ಸಡಿಲ ಹಿಡೀತಿದ್ದ. ಅದೇ ಮನುಷ್ಯನಿಗೆ ಎರಡು ಅಳತೆ ಬರ್ತಿತ್ತು.

ಬೆರಳಚ್ಚಿನ ವಿಷಯ ಬಂಗಾಳಕ್ಕೆ ಹೊಸದೇನೂ ಆಗಿರಲಿಲ್ಲ. 1858ರಲ್ಲೇ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಸ್ತೆ ಸಾಮಗ್ರಿಯ ಕರಾರಿಗೆ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನ ಇಡೀ ಕೈ ಅಚ್ಚು ಹಾಕಿಸಿಕೊಂಡಿದ್ದ, ನಾಳೆ ಸಹಿ ನನ್ನದಲ್ಲ ಅನ್ನಬಾರದು ಅಂತ. 1877ರ ಹೊತ್ತಿಗೆ ಹೂಗ್ಲಿಯಲ್ಲಿ ಪತ್ರ ನೋಂದಣಿಗೂ, ಪಿಂಚಣಿಗೂ ಬೆರಳಚ್ಚು ಬಳಸಿದ. ಈಗ ಉಪನೋಂದಣಿ ಕಚೇರಿಯಲ್ಲಿ ನಾವು ಒತ್ತುವ ಹೆಬ್ಬೆಟ್ಟಿನ ಬೇರು ಅಲ್ಲಿದೆ.

ತೊಡಕು ಬೇರೆ ಕಡೆ ಇತ್ತು. ಬೆರಳಚ್ಚು ತಗೊಳ್ಳೋದು ಸುಲಭ, ಹುಡುಕೋದು ಕಷ್ಟ. ಸಾವಿರಾರು ಕಾರ್ಡು ಗುಡ್ಡೆ ಹಾಕಿದರೆ ಅದರಲ್ಲಿ ಒಂದನ್ನು ತೆಗೆಯೋದು ಹೇಗೆ? ಉದ್ರಿ ಬರೆದ ಚೀಟಿಗಳನ್ನೆಲ್ಲ ಒಂದೇ ಚೀಲದಲ್ಲಿ ತುಂಬಿಟ್ಟ ಅಂಗಡಿಯವನ ಪಾಡು ಅದು. ಖಾತೆ ಪುಸ್ತಕಕ್ಕೆ ಪುಟದ ನಂಬರ್ ಬೇಕಿತ್ತು.

ಶಂಖ, ಚಕ್ರ ಮತ್ತು 1024 ಗೂಡು

ಆ ನಂಬರ್ ಹಾಕಿದವರು ಹಕ್. ಹಳ್ಳಿ ಕಡೆ ಬೆರಳ ತುದಿ ನೋಡಿ ಶಂಖ ಎಷ್ಟು, ಚಕ್ರ ಎಷ್ಟು ಅಂತ ಎಣಿಸೋದುಂಟಲ್ಲ, ಲೆಕ್ಕ ಹೆಚ್ಚುಕಡಿಮೆ ಅಲ್ಲಿಂದಲೇ ಶುರು. ಹತ್ತು ಬೆರಳನ್ನು ಬಲಗೈ ಹೆಬ್ಬೆಟ್ಟಿನಿಂದ ಹಿಡಿದು ಐದು ಜೋಡಿ ಮಾಡಿದರು. ಮೊದಲ ಜೋಡಿಯಲ್ಲಿ ಚಕ್ರ ಇದ್ದರೆ 16, ಎರಡನೇ ಜೋಡಿಗೆ 8, ಆಮೇಲೆ 4, 2, 1. ಚಕ್ರ ಇಲ್ಲದಿದ್ದರೆ ಸೊನ್ನೆ. ಜೋಡಿಯ ಒಂದೊಂದು ಬೆರಳಿನ ಅಂಕಿ ಮೇಲೆ, ಒಂದೊಂದರದು ಕೆಳಗೆ ಕೂಡಿಸಿ, ಎರಡಕ್ಕೂ ಒಂದೊಂದು ಸೇರಿಸಬೇಕು. ಬಲಗೈ ಹೆಬ್ಬೆಟ್ಟಿನಲ್ಲಿ ಮಾತ್ರ ಚಕ್ರ ಇದ್ದವನ ಕಾರ್ಡಿಗೆ ಮೇಲೆ 1, ಕೆಳಗೆ 17 ಬರುತ್ತೆ. ಹತ್ತೂ ಬೆರಳಲ್ಲಿ ಚಕ್ರ ಇದ್ದವನಿಗೆ ಮೇಲೆ 32, ಕೆಳಗೂ 32.

ಹೀಗೆ 32ಕ್ಕೆ 32 ಗುಣಿಸಿದರೆ 1024. ಗೋಡೆಗೆ 1024 ಗೂಡಿನ ಕಪಾಟು ನಿಲ್ಲಿಸಿ ಪ್ರತಿ ಕಾರ್ಡನ್ನೂ ಅದರದೇ ಗೂಡಿಗೆ ಹಾಕಿದರಾಯ್ತು. ಹೊಸ ಆರೋಪಿ ಬಂದಾಗ ಹತ್ತು ಬೆರಳು ನೋಡಿ ಲೆಕ್ಕ ಹಾಕೋದು, ಆ ಗೂಡೊಂದನ್ನೇ ಹುಡುಕೋದು. ಅವನು ಹೆಸರು ಬದಲಿಸಲಿ, ಗಡ್ಡ ಬಿಡಲಿ, ಬೆರಳು ಸುಳ್ಳು ಹೇಳೋದಿಲ್ಲ.

ಹಕ್ ಜೊತೆ ಇನ್ನೊಬ್ಬ ಸಬ್ ಇನ್ಸ್‌ಪೆಕ್ಟರ್ ಇದ್ದರು, ಹೇಮಚಂದ್ರ ಬೋಸ್. ಚಕ್ರ ಇಲ್ಲದ ಬೆರಳಿನವರೇ ಜಾಸ್ತಿ ಆದ್ದರಿಂದ ಕೆಲವು ಗೂಡು ಬೇಗ ತುಂಬಿ ಹೋಗ್ತಿದ್ದವು. ಅಂಥ ಗೂಡನ್ನು ಮತ್ತೆ ಒಳವಿಂಗಡಣೆ ಮಾಡಿದ್ದು, ಬೆರಳಚ್ಚಿನ ವಿವರವನ್ನು ತಂತಿ ಮೂಲಕ ಕಳಿಸೋಕೆ ಸಂಕೇತ ಮಾಡಿದ್ದು ಬೋಸ್. ಒಬ್ಬ ಮುಸ್ಲಿಂ, ಒಬ್ಬ ಹಿಂದೂ, ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಮಾಡಿದ ಕೆಲಸ ಇದು.

1897ರಲ್ಲಿ ಸರ್ಕಾರ ಒಂದು ಸಮಿತಿ ಮಾಡಿ ಪರೀಕ್ಷೆ ಮಾಡಿಸಿತು. ಮೈ ಅಳತೆಗಿಂತ ಇದೇ ವಾಸಿ ಅಂತ ಸಮಿತಿ ಒಪ್ಪಿತು. ಅದೇ ವರ್ಷ ಜೂನ್‌ನಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಬ್ಯೂರೋ ಶುರುವಾಯ್ತು. ಜಗತ್ತಿನ ಮೊಟ್ಟಮೊದಲ ಬೆರಳಚ್ಚು ಬ್ಯೂರೋಗಳಲ್ಲಿ ಅದೂ ಒಂದು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್‌ಗೆ ಬೆರಳಚ್ಚು ವಿಭಾಗ ಬಂದದ್ದು 1901ರಲ್ಲಿ, ಅಂದ್ರೆ ಕಲ್ಕತ್ತೆ ಆದ ನಾಲ್ಕು ವರ್ಷಕ್ಕೆ.

ಪಂಚಾಂಗದ ಮೇಲಿನ ಕಲೆ

1898ರಲ್ಲಿ ಬ್ಯೂರೋಗೆ ದೊಡ್ಡ ಪರೀಕ್ಷೆ ಎದುರಾಯ್ತು. ಭೂತಾನ್ ಗಡಿಯ ಜಲಪೈಗುಡಿಯಲ್ಲಿ ಒಂದು ಚಹಾ ತೋಟದ ಮ್ಯಾನೇಜರ್ ಹಾಸಿಗೆ ಮೇಲೇ ಕೊಲೆಯಾಗಿದ್ದ. ಕತ್ತು ಕೊಯ್ದಿದ್ದರು. ತಿಜೋರಿ, ಕಾಗದದ ಪೆಟ್ಟಿಗೆ ಬರಿದಾಗಿದ್ದವು. ಸಂಶಯ ಎಲ್ಲರ ಮೇಲೂ ಹೋಯ್ತು. ತೋಟದ ಕೂಲಿಗಳು, ಬಟ್ಟೆ ಮೇಲೆ ರಕ್ತದ ಕಲೆ ಇದ್ದ ಅಡುಗೆಯವನು, ಅಲ್ಲಿ ಸುಳಿದಾಡಿದ್ದ ಕಾಬೂಲಿಗಳು. ಹಳೇ ಕಾಲದ ತನಿಖೆ ಆಗಿದ್ದರೆ ಇವರಲ್ಲಿ ಯಾರನ್ನೋ ಹಿಡಿದು ಬಡಿದು ಒಪ್ಪಿಸಿಬಿಡುತ್ತಿದ್ದರೇನೋ.

ಪೆಟ್ಟಿಗೆಯಲ್ಲಿ ಒಂದು ಬಂಗಾಳಿ ಪಂಚಾಂಗ ಸಿಕ್ಕಿತು. ಅದರ ನೀಲಿ ರಟ್ಟಿನ ಮೇಲೆ ಎರಡು ಮಸುಕು ಕಂದು ಕಲೆ. ಒಂದರಲ್ಲಿ ಹೆಬ್ಬೆಟ್ಟಿನ ಗೆರೆ ಕಾಣ್ತಿತ್ತು. ಬ್ಯೂರೋದಲ್ಲಿ ತಾಳೆ ನೋಡಿದರೆ ಅದು ಕಂಗಾಲಿ ಚರಣ್ ಎಂಬವನ ಬಲಗೈ ಹೆಬ್ಬೆಟ್ಟು. ಮ್ಯಾನೇಜರ್ ಹತ್ತಿರವೇ ಹಿಂದೆ ಕೆಲಸಕ್ಕಿದ್ದ, ಕಳ್ಳತನ ಮಾಡಿ ಅದೇ ಮ್ಯಾನೇಜರ್‌ನಿಂದ ಜೈಲಿಗೆ ಹೋಗಿದ್ದ ಆಳು. ಜೈಲಿಗೆ ಹೋದಾಗ ತಗೊಂಡ ಅಚ್ಚು ಬ್ಯೂರೋದಲ್ಲಿತ್ತು. ದೂರದ ಬೀರ್‌ಭೂಮ್‌ನಲ್ಲಿ ಅವನನ್ನು ಹಿಡಿದು, ಮತ್ತೊಮ್ಮೆ ಅಚ್ಚು ತಗೊಂಡು ನೋಡಿದರು. ಹೊಂದಿತು. ಕಲೆ ಸಸ್ತನಿ ಪ್ರಾಣಿಯ ರಕ್ತ ಅಂತ ರಾಸಾಯನಿಕ ಪರೀಕ್ಷಕರೂ ಹೇಳಿದರು.

ತೀರ್ಪು ಏನಾಯ್ತು ಅನ್ನೋದು ಇಲ್ಲಿ ಮುಖ್ಯ. ಕಳ್ಳತನ ಮಾಡಿದ್ದಕ್ಕೆ ಅವನಿಗೆ ಶಿಕ್ಷೆ ಆಯ್ತು, ಕೊಲೆಗೆ ಆಗಲಿಲ್ಲ. ಆ ಪೆಟ್ಟಿಗೆಯ ಮೇಲೆ ಅವನ ಕೈ ಬಿದ್ದಿದೆ ಅಂತ ಬೆರಳಚ್ಚು ಹೇಳಿತು. ಕತ್ತು ಕೊಯ್ದದ್ದು ಅವನೇ ಅಂತ ಅದು ಹೇಳೋದಿಲ್ಲ, ಅದನ್ನು ಕಂಡವರೂ ಇರಲಿಲ್ಲ. ವಸ್ತು ಸಾಕ್ಷ್ಯ ಎಷ್ಟು ಹೇಳುತ್ತೋ ಅಷ್ಟನ್ನೇ ನಂಬಬೇಕು ಅನ್ನೋ ಪಾಠ ಮೊದಲ ದೊಡ್ಡ ಕೇಸಿನಲ್ಲೇ ಸಿಕ್ಕಿತು. ಹಾಗೇ ಅಡುಗೆಯವನೂ, ಕೂಲಿಗಳೂ ಬಚಾವಾದರು. ಮರುವರ್ಷ, 1899ರಲ್ಲಿ, ಬೆರಳಚ್ಚು ತಜ್ಞರ ಅಭಿಪ್ರಾಯವನ್ನು ಕೋರ್ಟು ಪರಿಗಣಿಸಬಹುದು ಅಂತ ಸಾಕ್ಷ್ಯ ಕಾಯ್ದೆಗೆ ತಿದ್ದುಪಡಿ ಬಂತು.

ಹೆಸರು ಯಾರದು?

1900ರಲ್ಲಿ ಎಡ್ವರ್ಡ್ ಹೆನ್ರಿ ಈ ಪದ್ಧತಿಯ ಮೇಲೆ ಪುಸ್ತಕ ಹೊರತಂದರು. ಪುಸ್ತಕದ ಮೇಲೆ ಇದ್ದದ್ದು ಹೆನ್ರಿ ಹೆಸರೊಂದೇ. ಜಗತ್ತಿನ ತುಂಬಾ ಅದು ಹೆನ್ರಿ ಪದ್ಧತಿ ಅಂತಲೇ ಹೆಸರಾಯ್ತು. ರೈಲಿನಲ್ಲಿ ಹೋಗುವಾಗ ಸಾಹೇಬರಿಗೆ ಥಟ್ಟನೆ ಹೊಳೆಯಿತು, ಕಾಗದ ಇಲ್ಲದೆ ಅಂಗಿ ತೋಳಿನ ಮೇಲೇ ಬರಕೊಂಡರು ಅನ್ನೋ ಕಥೆಯೂ ಓಡಾಡಿತು. ಹೆನ್ರಿ ಲಂಡನ್ ಪೊಲೀಸ್ ಕಮಿಷನರ್ ಆದರು, ಸರ್ ಪದವಿ ಬಂತು. 1905ರಲ್ಲಿ ಲಂಡನ್ನಿನ ಡೆಪ್ಟ್‌ಫೋರ್ಡ್‌ನಲ್ಲಿ ಬಣ್ಣದ ಅಂಗಡಿ ನೋಡಿಕೊಳ್ಳುತ್ತಿದ್ದ ಥಾಮಸ್ ಫ್ಯಾರೋ ಮತ್ತು ಅವರ ಹೆಂಡತಿಯ ಕೊಲೆಯಾದಾಗ, ಗಲ್ಲಾ ಪೆಟ್ಟಿಗೆಯ ಒಳಗಿನ ತಟ್ಟೆಯ ಮೇಲಿದ್ದ ಒಂದು ಹೆಬ್ಬೆಟ್ಟು ಸ್ಟ್ರಾಟನ್ ಸಹೋದರರನ್ನು ನೇಣಿಗೆ ಏರಿಸಿತು. ಆಗಲೂ ಹೊಗಳಿಕೆ ಹೆನ್ರಿ ಪದ್ಧತಿಗೇ.

ಹಕ್ ಬಂಗಾಳದಲ್ಲೇ ದುಡಿಯುತ್ತಾ ಉಳಿದರು. 1912ರಲ್ಲಿ ಬಿಹಾರ ಪ್ರಾಂತ್ಯ ಬೇರೆಯಾದಾಗ ಬಿಹಾರ ಪೊಲೀಸ್‌ಗೆ ಹೋದರು. 1913ರಲ್ಲಿ ಖಾನ್ ಸಾಹೇಬ್, 1924ರಲ್ಲಿ ಖಾನ್ ಬಹಾದೂರ್ ಬಿರುದು ಬಂದವು. ತಮ್ಮ ಕೆಲಸಕ್ಕೆ ಮಾನ್ಯತೆ ಬೇಕು ಅಂತ ಸರ್ಕಾರಕ್ಕೆ ಅರ್ಜಿ ಹಾಕಿಕೊಂಡರು. ಬಹಳ ತಡವಾಗಿ 5,000 ರೂಪಾಯಿ ಗೌರವಧನ, ಚಂಪಾರಣ್ ಜಿಲ್ಲೆಯಲ್ಲಿ ಜಹಗೀರು ಸಿಕ್ಕಿತು. ಹೆನ್ರಿಯೂ ವಯಸ್ಸಾದ ಮೇಲೆ ಹಕ್ ಪಾಲು ದೊಡ್ಡದಿತ್ತು ಅಂತ ಪತ್ರದಲ್ಲಿ ಒಪ್ಪಿಕೊಂಡರು. ಆದರೆ ಪದ್ಧತಿಯ ಹೆಸರು ಬದಲಾಗಲಿಲ್ಲ. 1935ರಲ್ಲಿ ಮೋತಿಹಾರಿಯಲ್ಲಿ ಹಕ್ ತೀರಿಕೊಂಡರು. ಬೋಸ್ 1949ರವರೆಗೆ ಬದುಕಿದ್ದರು.

ಇಬ್ಬರ ಕಥೆ ಮತ್ತೆ ಮೇಲೆ ಬಂದದ್ದು ಬಹಳ ತಡವಾಗಿ. ದೆಹಲಿ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಹಳೇ ಕಡತ ತೆಗೆದು ನೋಡಿ 2005ರಲ್ಲಿ ಲೇಖನ ಬರೆದರು. ಅದು ಅಚ್ಚಾದದ್ದು ನಮ್ಮ ಬೆಂಗಳೂರಿನಿಂದ ಬರುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ಬ್ರಿಟನ್ನಿನ ಫಿಂಗರ್‌ಪ್ರಿಂಟ್ ಸೊಸೈಟಿ ಕೂಡ ಹಕ್ ಮತ್ತು ಬೋಸ್ ಹೆಸರಲ್ಲಿ ಪ್ರಶಸ್ತಿ ಇಟ್ಟಿದೆ.

ಅಂಗಡಿಯವರಿಗೆ ಇದರಿಂದ ಏನು?

ಈಗ ಗೂಡಿನ ಕಪಾಟು ಹೋಗಿ ಕಂಪ್ಯೂಟರ್ ಬಂದಿದೆ. 2022ರಿಂದ ದೇಶಕ್ಕೆಲ್ಲ ಒಂದೇ ಬೆರಳಚ್ಚು ಜಾಲ ನಫಿಸ್ ಇದೆ. ಬೆಳಗಾವಿಯಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧ ಆದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಅಂತಿದೆ. ಇದನ್ನು ಪೂರ್ತಿ ಜಾರಿ ಮಾಡೋಕೆ ರಾಜ್ಯಗಳಿಗೆ ಐದು ವರ್ಷದ ಗಡುವು ಕೊಟ್ಟಿದ್ದಾರೆ.

ಆದರೆ ತಜ್ಞರು ಬರೋದರೊಳಗೆ ಸಾಕ್ಷ್ಯ ಅಳಿಸಿ ಹೋದರೆ ಯಾವ ಕಂಪ್ಯೂಟರೂ ಏನೂ ಮಾಡೋಕಾಗಲ್ಲ. ಬೆರಳಚ್ಚು ಅಂದ್ರೆ ಬೆವರು, ಜಿಡ್ಡಿನ ತೆಳ್ಳನೆ ಗೆರೆ ಅಷ್ಟೇ. ಗಾಜು, ಸ್ಟೀಲು, ಪೇಂಟು ಹೊಡೆದ ನುಣುಪು ಜಾಗದಲ್ಲಿ ಚೆನ್ನಾಗಿ ಕೂರುತ್ತೆ, ಒಂದು ಅರಿವೆ ತಗೊಂಡು ಒರೆಸಿದರೆ ಹೋಗುತ್ತೆ. ಕಳ್ಳತನ ಆದ ಬೆಳಿಗ್ಗೆ ಅಕ್ಕಪಕ್ಕದ ಹತ್ತು ಮಂದಿ ಒಳಗೆ ನುಗ್ಗಿ ಗಲ್ಲಾ ಎಳೆದು ನೋಡೋದು, ಬಿದ್ದ ಬೀಗ ಎತ್ತಿಕೊಳ್ಳೋದು, ಕಸ ಗುಡಿಸೋದು ಎಲ್ಲ ಊರಲ್ಲೂ ಇದ್ದದ್ದೇ. ಅದರಿಂದ ಲಾಭ ಕಳ್ಳನಿಗೆ. ಏನೂ ಮುಟ್ಟದೆ ಹೊರಗೆ ನಿಂತು 112ಕ್ಕೆ ಫೋನ್ ಮಾಡೋದೇ ಸರಿ. ಅಂಗಡಿಯವರ, ಆಳುಗಳ ಬೆರಳಚ್ಚು ಕೇಳಿದರೆ ಸಂಶಯ ಬಂತು ಅಂತ ಗಾಬರಿ ಬೇಡ. ಮನೆಯವರ ಅಚ್ಚು ಬೇರೆ ಮಾಡಿದರೆ ತಾನೇ ಹೊರಗಿನವನದು ಉಳಿಯೋದು.

ಮುಂದಿನ ಸಲ ರೇಷನ್ ಅಂಗಡಿಯ ಮಷಿನ್ ಮೇಲೆ ಹೆಬ್ಬೆಟ್ಟು ಇಟ್ಟಾಗ, ಹಸಿವಿಗೆ ಪೆಟ್ಟು ತಿಂದು ಊರು ಬಿಟ್ಟ ಖುಲ್ನಾದ ಆ ಹುಡುಗನನ್ನು ಒಮ್ಮೆ ನೆನೆಸಿಕೊಂಡರೆ ಸಾಕು.