ಪ್ರೌಢದೇವರಾಯ ಮತ್ತು ತುರ್ಕಿ ಬಿಲ್ಲು



ಎರ್ತುಗ್ರುಲ್ ಧಾರಾವಾಹಿ ನೋಡಿದವರು ನಮ್ಮ ತರಗತಿಗಳಲ್ಲಿ ಬಹಳ ಮಂದಿ ಇದ್ದೀರಿ. ಅದರ ಪರಿಣಾಮವೋ ಏನೋ, ಈ ವರ್ಷ ಇತಿಹಾಸದ ಪಾಠ ಮುಗಿದ ಮೇಲೆ ನನ್ನ ಬಳಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬಿಲ್ಲಿನ ಬಗ್ಗೆಯೇ. ತುರ್ಕಿ ಬಿಲ್ಲು ಕಡಿಮೆ ಬೆಲೆಗೆ ಎಲ್ಲಿ ಸಿಗುತ್ತದೆ, ಸವದತ್ತಿ ರಾಮದುರ್ಗದ ಕಡೆ ಹೊಲಕ್ಕೆ ಬರುವ ಹಂದಿ, ಮೊಲ ಹೊಡೆಯಲು ಅದು ನಡೆಯುತ್ತದೆಯೇ ಎಂದು ಒಬ್ಬರು ಕೇಳಿದರು. ಬೇಟೆಯ ಮಾತಿಗೆ ಉತ್ತರ ಚಿಕ್ಕದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಆಯುಧ ಎಂದರೆ ಯಾವುದು ಎಂದು ಹೇಳುವಲ್ಲಿ ಆ ಕಾಯ್ದೆ ಬಂದೂಕು, ಬಲೆ, ಉರುಲುಗಳ ಜೊತೆಗೆ ಬಿಲ್ಲು ಬಾಣವನ್ನೂ ಹೆಸರಿಸಿದೆ. ಆದ್ದರಿಂದ ಬಿಲ್ಲು ಹಿಡಿಯುವ ಆಸೆಯಿದ್ದವರು ಮೈದಾನದಲ್ಲಿ ಗುರಿಹಲಗೆಯ ಮುಂದೆ ನಿಲ್ಲುವುದೇ ಸರಿ.

ಬೆಲೆಯ ಮಾತಿಗೆ ಮಾತ್ರ ಉತ್ತರ ದೊಡ್ಡದು. ಸುಮಾರು ಆರು ನೂರು ವರ್ಷಗಳ ಹಿಂದೆ ನಮ್ಮ ನಾಡಿನ ಒಬ್ಬ ದೊರೆಗೂ ಆ ಬಿಲ್ಲು ಬೇಕಾಗಿತ್ತು. ಅವನಿಗೆ ಬೇಟೆಗಾರನೆಂಬ ಬಿರುದೂ ಇತ್ತು. ಅವನೇ ವಿಜಯನಗರದ ಸಂಗಮ ವಂಶದ ಇಮ್ಮಡಿ ದೇವರಾಯ. ನಮ್ಮ ಪಠ್ಯಪುಸ್ತಕದಲ್ಲಿ ಅವನ ಹೆಸರು ಪ್ರೌಢದೇವರಾಯ. ಆಳಿದ್ದು 1424ರಿಂದ 1446ರವರೆಗೆ. ಕೃಷ್ಣದೇವರಾಯನ ಹೆಸರು ಎಲ್ಲರ ಬಾಯಲ್ಲಿದೆ, ಇವನದು ಪರೀಕ್ಷೆ ಮುಗಿದ ಕೂಡಲೇ ಮರೆತುಹೋಗುತ್ತದೆ. ಇದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ.

ಅವನು ಮೊದಲನೆಯ ದೇವರಾಯನ ಮೊಮ್ಮಗ. ಲಕ್ಕಣ್ಣ ದಂಡೇಶನಂಥ ಸೇನಾನಿ, ಪ್ರಭುಲಿಂಗಲೀಲೆ ಬರೆದ ಚಾಮರಸ ಅವನ ಕಾಲದವರು. 1426ರಲ್ಲಿ ರಾಜಧಾನಿಯಲ್ಲಿ ಪಾರ್ಶ್ವನಾಥನ ಜೈನ ಬಸದಿಯನ್ನು ಕಟ್ಟಿಸಿದ. ಆಗ ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆ ಎರಡು ದೊಡ್ಡ ರಾಜ್ಯಗಳ ಗಡಿಯ ಹತ್ತಿರವಿತ್ತು. ದಕ್ಷಿಣಕ್ಕೆ ವಿಜಯನಗರ, ಉತ್ತರಕ್ಕೆ ಬಹಮನಿ ಸುಲ್ತಾನರು. ಬೆಳಗಾವಿ ಕೋಟೆ ಬಹಮನಿಗಳ ಮಂತ್ರಿ ಮಹಮೂದ್ ಗವಾನನ ಕೈಗೆ ಹೋದದ್ದು 1472ರಲ್ಲಿ, ಅಂದರೆ ಪ್ರೌಢದೇವರಾಯ ತೀರಿಹೋಗಿ ಕಾಲು ಶತಮಾನದ ಮೇಲೆ. ಜಗಳದ ಮೂಲ ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ಮುದಗಲ್ಲಿನ ಎರೆಭೂಮಿ. ಅಜ್ಜನ ಕಾಲದಿಂದ ಬಂದ ಜಗಳ ಅದು.

ಬಿಲ್ಲಿನ ಕಥೆ ಶುರುವಾಗುವುದು ಒಂದು ಬೇಟೆಯಿಂದ. ಬೇಟೆಗೆ ಹೋದವನು ದೇವರಾಯನಲ್ಲ, ಅವನ ಎದುರಾಳಿ ಅಹಮದ್ ಷಾ ಬಹಮನಿ. 1423ರ ಸುಮಾರಿಗೆ ಅವನು ತುಂಗಭದ್ರೆ ದಾಟಿ ವಿಜಯನಗರದ ನೆಲದಲ್ಲಿ ದಂಡು ಇಳಿಸಿದ್ದ. ಒಂದು ದಿನ ಜಿಂಕೆಯ ಬೆನ್ನು ಹತ್ತಿ ಪಾಳೆಯದಿಂದ ಬಹುದೂರ ಬಂದುಬಿಟ್ಟ. ಸುದ್ದಿ ತಿಳಿದ ವಿಜಯನಗರದ ಸಾವಿರಾರು ಕುದುರೆ ಸವಾರರು ಮುತ್ತಿದರು. ಸುಲ್ತಾನನು ಹತ್ತಿರದಲ್ಲಿದ್ದ ಮಣ್ಣುಗೋಡೆಯ ದನದ ದೊಡ್ಡಿಗೆ ನುಗ್ಗಿ ಜೀವ ಉಳಿಸಿಕೊಳ್ಳಬೇಕಾಯಿತು. ಅವನ ಜೊತೆಗಿದ್ದದ್ದು ಹೊರದೇಶದಿಂದ ಬಂದ ಸುಮಾರು 200 ಬಿಲ್ಲುಗಾರರು. ಪಾಳೆಯದಿಂದ ಸಹಾಯ ಬರುವವರೆಗೂ ಆ ಇನ್ನೂರು ಮಂದಿ ಸಾವಿರಾರು ಸವಾರರನ್ನು ಗೋಡೆಯ ಹತ್ತಿರ ಸುಳಿಯಗೊಡಲಿಲ್ಲ. ಉಳಿದು ಬಂದ ಸುಲ್ತಾನ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಇರಾಕ್, ಖುರಾಸಾನ್, ತುರ್ಕಿ, ಅರಬಸ್ತಾನಗಳಿಂದ 3,000 ಬಿಲ್ಲುಗಾರರನ್ನು ಸೈನ್ಯಕ್ಕೆ ತರಿಸುವಂತೆ ಅಪ್ಪಣೆ ಕೊಟ್ಟದ್ದು.

ಇದನ್ನು ಬರೆದವನು ಫಿರಿಶ್ತಾ. ಬಿಜಾಪುರದಲ್ಲಿ ಆದಿಲಶಾಹಿಗಳ ಆಶ್ರಯದಲ್ಲಿ, ಘಟನೆ ನಡೆದು ಸುಮಾರು ನೂರೆಂಬತ್ತು ವರ್ಷಗಳಾದ ಮೇಲೆ ಬರೆದ. ಅವನ ಸಂಖ್ಯೆಗಳನ್ನು ಸ್ವಲ್ಪ ಕಡಿಮೆ ಮಾಡಿಕೊಂಡೇ ಓದಬೇಕು. ಆದರೂ ಬಿಲ್ಲಿನ ವಿಷಯದಲ್ಲಿ ಅವನು ಹೇಳುವುದು ನಂಬುವಂಥದ್ದೇ. ಏಕೆಂದರೆ ಆ ಬಿಲ್ಲು ಬೇರೆ ಜಾತಿಯದು.

ನಮ್ಮ ಕಡೆ ಬಿಲ್ಲು ಎಂದರೆ ಬಿದಿರಿನದು, ಇಲ್ಲವೇ ಒಂದೇ ಮರದ ಕೊಂಬೆಯದು. ಉದ್ದ ಜಾಸ್ತಿ, ಕುದುರೆಯ ಮೇಲೆ ಕುಳಿತು ಆಚೀಚೆ ತಿರುಗಿಸುವುದು ಕಷ್ಟ. ತುರ್ಕಿ ಬಿಲ್ಲು ಹೆಚ್ಚೆಂದರೆ ಮೂರೂವರೆ ನಾಲ್ಕು ಅಡಿ. ನಡುವೆ ತೆಳ್ಳನೆಯ ಮರದ ಪಟ್ಟಿ, ಎಸೆಯುವವನ ಕಡೆಗೆ ಎಮ್ಮೆಯ ಕೋಡು, ಎದುರಿನ ಬದಿಗೆ ಪ್ರಾಣಿಯ ಸ್ನಾಯುವನ್ನು ಬಡಿದು ನಾರಾಗಿಸಿ ಹಚ್ಚಿದ ಪದರ. ಕೋಡು ಅದುಮಿದಷ್ಟೂ ತಿರುಗಿ ಒದೆಯುತ್ತದೆ, ಸ್ನಾಯು ಎಳೆದಷ್ಟೂ ಹಿಂದಕ್ಕೆ ಜಗ್ಗುತ್ತದೆ. ಇವೆರಡರ ನಡುವೆ ಮರ ಹಿಡಿಕೆಯಷ್ಟೇ. ಹೆದೆ ಬಿಚ್ಚಿದರೆ ಬಿಲ್ಲು ಎದುರು ದಿಕ್ಕಿಗೆ ಬಾಗಿ ಬಳೆಯಂತೆ ಸುತ್ತಿಕೊಳ್ಳುತ್ತದೆ. ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿ ಉಳಿದಿರುವ ಹಳೆಯ ಬಿಲ್ಲುಗಳಲ್ಲಿ ಅನೇಕವನ್ನು ಪೂರ್ತಿ ಎಳೆಯಲು ಸುಮಾರು 50 ಕಿಲೋ ಎತ್ತುವಷ್ಟು ಬಲ ಬೇಕು. ಐವತ್ತು ಕಿಲೋದ ಜೋಳದ ಚೀಲವನ್ನು ಮೂರು ಬೆರಳಿನಲ್ಲಿ ಎಳೆಯುವುದನ್ನು ಕಲ್ಪಿಸಿಕೊಳ್ಳಿ. ಅದಕ್ಕೇ ಅವರು ಬೆರಳುಗಳಿಂದ ಎಳೆಯುತ್ತಿರಲಿಲ್ಲ, ಹೆಬ್ಬೆರಳಿಗೆ ಕೋಡಿನ ಅಥವಾ ಕಲ್ಲಿನ ಉಂಗುರ ತೊಟ್ಟು ಅದರಿಂದ ಹೆದೆ ಎಳೆಯುತ್ತಿದ್ದರು. ಏಕಲವ್ಯನ ಕಥೆ ಗೊತ್ತಿರುವ ನಮಗೆ ಹೆಬ್ಬೆರಳಿನ ಬೆಲೆ ಹೊಸದಾಗಿ ಹೇಳಬೇಕಿಲ್ಲ.

ಈ ಪದರಗಳನ್ನು ಹಿಡಿದಿಡುವುದು ಅಂಟು. ನಮ್ಮ ಬಡಗಿಗಳು ಸರೇಸು ಎನ್ನುತ್ತಾರಲ್ಲ, ಆ ಬಗೆಯದು, ಸ್ನಾಯು ಮತ್ತು ಮೀನಿನಿಂದ ತೆಗೆದದ್ದು. ಸರೇಸು ಎಂಬ ಮಾತೇ ಫಾರಸಿಯಿಂದ ಬಂದದ್ದು. ಕಮಾನು ಕೂಡ ಹಾಗೆಯೇ, ಫಾರಸಿಯಲ್ಲಿ ಬಿಲ್ಲು ಎಂಬ ಅರ್ಥ. ನಮ್ಮಲ್ಲಿ ಅದು ಬಾಗಿಲ ಮೇಲಕ್ಕೂ ಗಾಡಿಯ ಸ್ಪ್ರಿಂಗಿಗೂ ಹೋಗಿ ಸೇರಿತು. ಒಂದು ಪದರ ಪೂರ್ತಿ ಒಣಗಿದ ಮೇಲೆಯೇ ಮುಂದಿನದು. ಒಂದು ಒಳ್ಳೆಯ ಬಿಲ್ಲು ಸಿದ್ಧವಾಗಲು ವರ್ಷಕ್ಕೂ ಮಿಕ್ಕಿ ಬೇಕು. ತೇವ ತಗುಲಿದರೆ ಅಂಟು ಸಡಿಲ. ಕಿತ್ತೂರಿನ ಕಡೆ ಜುಲೈ ತಿಂಗಳಲ್ಲಿ ಹಪ್ಪಳವೂ ಒಣಗುವುದಿಲ್ಲ, ಅಲ್ಲಿ ಇಂಥ ಬಿಲ್ಲನ್ನು ಕಾಪಾಡುವುದು ಎಷ್ಟು ಕಷ್ಟವೆಂದು ಲೆಕ್ಕ ಹಾಕಿ. ಎಮ್ಮೆಯ ಕೋಡು ನಮ್ಮಲ್ಲೂ ಬೇಕಾದಷ್ಟಿತ್ತು. ಇಲ್ಲದ್ದು ಅದನ್ನು ಮಾಡುವ ಕೈ ಮತ್ತು ಎಳೆಯುವ ತೋಳು. ಆ ತೋಳು ತಯಾರಾಗಲು ಬಿಲ್ಲಿಗಿಂತ ಹೆಚ್ಚು ವರ್ಷ ಬೇಕು. ಅಗ್ಗದ ತುರ್ಕಿ ಬಿಲ್ಲು ಎಂಬುದು ಆ ಕಾಲದಲ್ಲಿ ಇರಲೇ ಇಲ್ಲ.

ಸೋಲಿನ ಮೇಲೆ ಸೋಲು ಕಂಡ ಪ್ರೌಢದೇವರಾಯ ಒಂದು ದಿನ ಮಂತ್ರಿಗಳನ್ನೂ ಪಂಡಿತರನ್ನೂ ಸೇರಿಸಿದ. ನಮ್ಮ ರಾಜ್ಯ ಅವರದಕ್ಕಿಂತ ದೊಡ್ಡದು, ಜನ ಹೆಚ್ಚು, ಹಣ ಹೆಚ್ಚು, ಆದರೂ ಗೆಲ್ಲುವವರು ಅವರೇ ಏಕೆ ಎಂದು ಕೇಳಿದ. ಕೆಲವರು ವಿಧಿಯ ಬರಹ ಎಂದರು. ಉಳಿದವರು ನೆಲದ ಮಾತಾಡಿದರು: ಅವರ ಕುದುರೆಗಳು ಗಟ್ಟಿ, ಅವರಲ್ಲಿ ನುರಿತ ಬಿಲ್ಲುಗಾರರು ಬಹಳ. ದೊರೆ ಎರಡನೆಯ ಉತ್ತರವನ್ನು ಒಪ್ಪಿಕೊಂಡ. ಅವನ ಜೀವನದಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಇದೇ. ವಿಧಿ ಎಂಬ ಉತ್ತರ ಅವನಿಗೆ ಸುಲಭವಾಗಿತ್ತು. ಎದುರಾಳಿಯ ವಿದ್ಯೆ ನಮ್ಮದಕ್ಕಿಂತ ಮೇಲು ಎಂದು ತುಂಬಿದ ಸಭೆಯಲ್ಲಿ ಒಪ್ಪುವುದು ರಾಜನಾದವನಿಗೆ ಸುಲಭವಲ್ಲ.

ಕುದುರೆಗೆ ದಾರಿಯಿತ್ತು. ಹೊರ್ಮುಜ್‌ನಿಂದ ಪಶ್ಚಿಮದ ಬಂದರುಗಳಿಗೆ ಹಡಗಿನಲ್ಲಿ ಬರುತ್ತಿದ್ದವು, ಹಣ ಕೊಟ್ಟರೆ ಸಿಗುತ್ತಿದ್ದವು. ಬಿಲ್ಲುಗಾರಿಕೆ ಹಾಗೆ ಸಿಗುವುದಲ್ಲ. ಅದನ್ನು ಬಲ್ಲ ಮನುಷ್ಯ ಬರಬೇಕು, ಬಂದವನು ಉಳಿಯಬೇಕು, ಉಳಿದು ಇತರರಿಗೆ ಕಲಿಸಬೇಕು. ದೇವರಾಯ ಮುಸ್ಲಿಂ ಯೋಧರನ್ನು ಸೇನೆಗೆ ಸೇರಿಸಿಕೊಂಡು ಜಹಗೀರು ಕೊಟ್ಟ. ರಾಜಧಾನಿಯಲ್ಲಿ ಅವರಿಗಾಗಿ ಮಸೀದಿ ಕಟ್ಟಿಸಿದ. ಅವರ ಧರ್ಮಾಚರಣೆಗೆ ಯಾರೂ ಅಡ್ಡಿ ಮಾಡಬಾರದೆಂದು ಅಪ್ಪಣೆ ಹೊರಡಿಸಿದ. ಸಭೆಗೆ ಬಂದವರು ಸಿಂಹಾಸನದ ಮುಂದೆ ತಲೆಬಾಗುವುದು ವಾಡಿಕೆ. ಮನುಷ್ಯನಿಗೆ ಹಾಗೆ ಬಾಗಲು ಅವರ ಮನಸ್ಸು ಒಪ್ಪದು ಎಂದು ತಿಳಿದು ಸಿಂಹಾಸನದ ಮುಂದೆ ಒಂದು ಪೀಠದ ಮೇಲೆ ಕುರಾನ್ ಇಡಿಸಿದ. ಬಾಗಿದವರು ಗ್ರಂಥಕ್ಕೆ ಬಾಗಿದರು, ರಾಜನ ಮರ್ಯಾದೆಯೂ ಉಳಿಯಿತು. ಅವರ ಕೈಕೆಳಗೆ ಹಿಂದೂ ಸೈನಿಕರು ಬಿಲ್ವಿದ್ಯೆ ಕಲಿತರು. ಕೊನೆಗೆ ಅವನ ಬಳಿ 2,000 ಮುಸ್ಲಿಂ ಬಿಲ್ಲುಗಾರರೂ ಕಲಿತು ನುರಿತ 60,000 ಹಿಂದೂ ಬಿಲ್ಲುಗಾರರೂ ಇದ್ದರೆಂದು ಫಿರಿಶ್ತಾ ಲೆಕ್ಕ ಕೊಡುತ್ತಾನೆ. ಇದರಲ್ಲಿ ಉತ್ಪ್ರೇಕ್ಷೆ ಇರಲಿ. 1430ರ ಒಂದು ಶಾಸನವೂ ಅವನ ಸೇವೆಯಲ್ಲಿ 10,000 ತುರುಷ್ಕ ರಾಹುತರನ್ನು ಹೇಳುತ್ತದೆ.

ಈಗ ಬಿರುದಿನ ವಿಷಯ. ಶಾಸನಗಳು ಅವನನ್ನು ಗಜಬೇಟೆಕಾರ ಎನ್ನುತ್ತವೆ, ಆನೆಗಳ ಬೇಟೆಗಾರ. ಆನೆಯಂಥ ಶತ್ರುಗಳನ್ನು ಗೆದ್ದವನು ಎಂದು ಕೆಲವು ವಿದ್ವಾಂಸರು ಅರ್ಥ ಮಾಡುತ್ತಾರೆ, ನಿಜವಾದ ಆನೆ ಬೇಟೆ ಎಂದು ಇತರರು. ನಾನು ಎರಡನೆಯವರ ಪಕ್ಷ. ಆದರೆ ಆ ಬೇಟೆ ಕೊಲ್ಲುವ ಬೇಟೆಯಲ್ಲ. 1443ರಲ್ಲಿ ಹೆರಾತಿನ ಷಾರುಖ್ ದೊರೆಯ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕ್ ವಿಜಯನಗರದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳಿದ್ದವೆಂದು ಬರೆದು, ಹಿಡಿಯುವ ಕ್ರಮವನ್ನೂ ವಿವರಿಸಿದ್ದಾನೆ. ಆನೆ ನೀರಿಗೆ ಬರುವ ದಾರಿಯಲ್ಲಿ ಗುಂಡಿ ತೋಡಿ ಮುಚ್ಚುತ್ತಾರೆ. ಬಿದ್ದ ಆನೆಯ ಹತ್ತಿರ ಎರಡು ಮೂರು ದಿನ ಯಾರೂ ಸುಳಿಯುವುದಿಲ್ಲ. ಆಮೇಲೆ ಒಬ್ಬ ಬಂದು ಕೋಲಿನಿಂದ ಹೊಡೆಯುತ್ತಾನೆ. ಅಷ್ಟರಲ್ಲಿ ಇನ್ನೊಬ್ಬ ಬಂದು ಹೊಡೆಯುವವನನ್ನು ಅಟ್ಟಿ, ಕೋಲು ಕಿತ್ತೆಸೆದು, ಆನೆಗೆ ಮೇವು ಹಾಕುತ್ತಾನೆ. ಹಲವು ದಿನ ಇದೇ ಆಟ. ಆನೆ ಆ ಎರಡನೆಯವನನ್ನು ನಂಬಿ ಅವನ ಹಿಂದೆ ಬರುತ್ತದೆ. ಕಪಟವಿದೆ, ನಿಜ.

ಆ ರಾಯಭಾರಿ ಕಂಡ ದೊರೆ ಎತ್ತರದ, ತೆಳ್ಳನೆಯ ಮೈಯ ಯುವಕ. ಆದರೆ ಸಾವಿನ ಬಾಯಿಂದ ಆಗಷ್ಟೇ ಪಾರಾಗಿದ್ದ. ಅವನ ಸ್ವಂತ ತಮ್ಮ ಹೊಸ ಮನೆ ಕಟ್ಟಿ ಔತಣದ ನೆಪದಲ್ಲಿ ಸರದಾರರನ್ನು ಕರೆದ. ಹೊರಗೆ ನಗಾರಿ ಬಾರಿಸುತ್ತಿರುವಾಗ ಒಬ್ಬೊಬ್ಬರನ್ನೇ ಒಳಗೆ ಕರೆಸಿ ಕೊಲ್ಲಿಸಿದ. ನಂತರ ಅರಮನೆಗೆ ಬಂದು ಅಣ್ಣನಿಗೂ ಕಠಾರಿಯಿಂದ ಇರಿದ. ದೇವರಾಯ ಗಾಯಗೊಂಡು ಉಳಿದ, ತಮ್ಮ ಸತ್ತ.

ಈ ಗೊಂದಲದ ಸುದ್ದಿ ಬಹಮನಿಗಳ ರಾಜಧಾನಿ ಬೀದರಿಗೆ ಮುಟ್ಟಿತು. ಅಲ್ಲಿ ಆಗ ಅಹಮದ್ ಷಾನ ಮಗ ಅಲಾಉದ್ದೀನ್ ಆಳುತ್ತಿದ್ದ. ಅವನು ಏಳು ಲಕ್ಷ ವರಹ ಕೇಳಿ ಕಳಿಸಿದನೆಂದು ರಜಾಕ್ ಬರೆಯುತ್ತಾನೆ. ದೇವರಾಯ ಹಣ ಕೊಡಲಿಲ್ಲ, ದಂಡು ಕಳಿಸಿದ. 1443ರ ಈ ಯುದ್ಧದಲ್ಲಿ ಹೊಸ ಬಿಲ್ಲುಗಾರರ ಪರೀಕ್ಷೆಯಾಯಿತು. ಮುದಗಲ್ಲು ಕೈಸೇರಿತು, ರಾಯಚೂರಿಗೆ ಮುತ್ತಿಗೆ ಬಿತ್ತು, ಪಡೆಗಳು ಬಿಜಾಪುರದವರೆಗೂ ನುಗ್ಗಿದವು. ಎರಡು ತಿಂಗಳಲ್ಲಿ ಮೂರು ಕಾಳಗ. ಮೊದಲನೆಯದರಲ್ಲಿ ವಿಜಯನಗರದ ಕೈ ಮೇಲಾಯಿತು. ಮೂರನೆಯದರಲ್ಲಿ ದೇವರಾಯನ ಹಿರಿಯ ಮಗ ಭರ್ಜಿಯ ಏಟಿಗೆ ಸತ್ತನೆಂದು ಫಿರಿಶ್ತಾ ಹೇಳುತ್ತಾನೆ. ಅಲ್ಲಿಗೆ ಸಂಧಿಯಾಯಿತು.

ಬಿಲ್ಲು ಗೆಲ್ಲಿಸಲಿಲ್ಲವಲ್ಲ ಎಂದು ನೀವು ಕೇಳಬಹುದು. ಗೆಲ್ಲಿಸಲಿಲ್ಲ. ಆದರೆ ದನದ ದೊಡ್ಡಿಯ ದಿನದಲ್ಲಿ ಇನ್ನೂರು ಮಂದಿಯ ಎದುರು ನಿಲ್ಲಲಾರದೆ ಹೋದ ಸೈನ್ಯ, ಇಪ್ಪತ್ತು ವರ್ಷಗಳ ಮೇಲೆ ಸುಲ್ತಾನನ ದಂಡಿನೊಡನೆ ಸಮಸಮವಾಗಿ ಮೂರು ಕಾಳಗ ಮಾಡಿತು. ಮುಂದೆ ಬಿಲ್ಲಿನ ಕಾಲವೂ ಮುಗಿಯಿತು. ನಮ್ಮ ಅಮಟೂರು ಬಾಳಪ್ಪ 1824ರಲ್ಲಿ ಕಿತ್ತೂರಿನ ಕೋಟೆಯೆದುರು ಥ್ಯಾಕರೆಯನ್ನು ಕೆಡವಿದ್ದು ಗುಂಡಿನಿಂದ.

ಪ್ರೌಢದೇವರಾಯ 1446ರಲ್ಲಿ ತೀರಿಕೊಂಡ. ಅವನ ಮರಣವನ್ನು ದಾಖಲಿಸಿರುವುದು ಶ್ರವಣಬೆಳಗೊಳದ ಶಾಸನ. ಅವನ ಬಿಲ್ಲುಗಾರರಲ್ಲಿ ಬಹುಪಾಲಿನವರ ಹೆಸರು ಉಳಿದಿಲ್ಲ. ಅವನ ಸೇವೆಯಲ್ಲಿದ್ದ ಅಹಮದ್ ಖಾನ್ ಎಂಬವನ ಹೆಸರು ಉಳಿದಿದೆ. 1439ರಲ್ಲಿ ಅವನು ಹಂಪಿಯಲ್ಲಿ ಒಂದು ಮಸೀದಿಯನ್ನೂ ಬಾವಿಯನ್ನೂ ಕಟ್ಟಿಸಿ, ಅದರ ಪುಣ್ಯ ದೇವರಾಯನಿಗೆ ಸಲ್ಲಲಿ ಎಂದು ಕನ್ನಡದಲ್ಲಿ ಶಾಸನ ಹಾಕಿಸಿದ. ಶಾಸನದಲ್ಲಿ ಅದರ ಹೆಸರು ಧರ್ಮಸಾಲೆ. ಗುಮ್ಮಟವಿಲ್ಲ, ಮಿನಾರಿಲ್ಲ, ಕಲ್ಲುಕಂಬಗಳ ಮಂಟಪದಂತಿದೆ. ಹಂಪಿಗೆ ಪ್ರವಾಸ ಹೋದಾಗ ಎಲ್ಲರೂ ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡು ಬಸ್ ಹತ್ತುತ್ತೀರಿ. ಈ ಸಲ ಮಾರ್ಗದರ್ಶಿಗೆ ಹೇಳಿ ಅಹಮದ್ ಖಾನನ ಮಸೀದಿಯನ್ನೂ ನೋಡಿ ಬನ್ನಿ. ಹಾಗೆಯೇ ಮಹಾನವಮಿ ದಿಬ್ಬದ ಸುತ್ತ ಕಲ್ಲಿನಲ್ಲಿ ಬೇಟೆಯ ಸಾಲುಗಳಿವೆ, ಬಿಲ್ಲು ಹಿಡಿದವರನ್ನು ಅಲ್ಲಿ ಹುಡುಕಿ.