ಲಕ್ಷ್ಮೀ ವಿಲಾಸದಲ್ಲಿ ಬಾಳದ ಲಕ್ಷ್ಮೀಬಾಯಿ

ಊರಿನಿಂದ ಯಾರೇ ನೆಂಟರು ಬಂದರೂ ಬೋಪಾಲ್‌ನ ನಮ್ಮ ಮನೆಯಿಂದ ಒಂದು ದಿನದ ಬರೋಡಾ ಪ್ರವಾಸ ಇದ್ದೇ ಇರುತ್ತದೆ. ಲಕ್ಷ್ಮೀ ವಿಲಾಸ ಅರಮನೆಯ ಮುಂದೆ ನಿಂತ ಕೂಡಲೇ ಮೈಸೂರು ಅರಮನೆಯ ಜೊತೆ ಹೋಲಿಕೆ ಶುರು. ಬರೋಡಾದ ಅರಮನೆ ಮುಗಿದದ್ದು 1890ರಲ್ಲಿ. ನಮ್ಮ ಮೈಸೂರಿನದು 1897ರ ಬೆಂಕಿಯ ನಂತರ ಕಟ್ಟಿದ್ದು, 1912ರಲ್ಲಿ ಮುಗಿದದ್ದು. ಎಷ್ಟೋ ವರ್ಷ ನಾನು ಈ ಹೆಸರು ಲಕ್ಷ್ಮೀದೇವಿಯದೆಂದೇ ತಿಳಿದಿದ್ದೆ. ಅದು ದಕ್ಷಿಣದಿಂದ ಸೊಸೆಯಾಗಿ ಬಂದ ಒಬ್ಬ ಹೆಣ್ಣುಮಗಳದು ಎಂದು ತಿಳಿದ ಮೇಲೆ, ನನಗೆ ಅರಮನೆಯೇ ಬೇರೆಯಾಗಿ ಕಾಣತೊಡಗಿತು.

ಲಕ್ಷ್ಮೀಬಾಯಿ ಹುಟ್ಟಿದ್ದು 1864ರಲ್ಲಿ, ತಂಜಾವೂರಿನ ಮರಾಠಾ ಮನೆತನದಲ್ಲಿ. 1880ರ ಜನವರಿಯಲ್ಲಿ ಅವರ ಮದುವೆ ಮೂರನೆಯ ಸಯಾಜಿರಾವ್ ಗಾಯಕವಾಡರೊಂದಿಗೆ ನಡೆಯಿತು. ವರನಿಗೂ ಅರಮನೆ ಹುಟ್ಟಿನಿಂದ ಬಂದದ್ದಲ್ಲ. ನಾಸಿಕ್ ಕಡೆಯ ಕವಳಾಣೆ ಹಳ್ಳಿಯ ರೈತಕುಟುಂಬದ ಹುಡುಗನನ್ನು 1875ರಲ್ಲಿ ರಾಜಮಾತೆ ಜಮನಾಬಾಯಿ ದತ್ತು ತೆಗೆದುಕೊಂಡಿದ್ದರು. ಮದುವೆಯಾದ ಮೇಲೆ ವಧುವಿನ ಹೆಸರು ಬದಲಾಯಿತು. ಲಕ್ಷ್ಮೀಬಾಯಿ ಮಹಾರಾಣಿ ಚಿಮಣಾಬಾಯಿಯಾದರು. ಸಂಗೀತ, ನೃತ್ಯ ಬಲ್ಲ ಅವರ ಜೊತೆ ತಂಜಾವೂರಿನ ನರ್ತಕಿಯರೂ ವಾದ್ಯಗಾರರೂ ಬಂದರು. ಇಂದು ನಾವು ಭರತನಾಟ್ಯ ಎನ್ನುವ ಕಲೆ ಬರೋಡಾ ದರಬಾರಿಗೆ ಕಾಲಿಟ್ಟದ್ದು ಹೀಗೆ. ತವರಿನಿಂದ ಉಪ್ಪಿನಕಾಯಿ, ಸಾರಿನ ಪುಡಿ ಕಟ್ಟಿಕೊಂಡು ಬರುವ ನಮಗೆ ಇದು ಅರ್ಥವಾಗುತ್ತದೆ.

ಗಾಯಕವಾಡರಿಗೆ ಆಗ ಮನೆಗಳಿಗೇನೂ ಕೊರತೆ ಇರಲಿಲ್ಲ. ಹಳೆಯ ಪಟ್ಟಣದೊಳಗೆ ಸರ್ಕಾರ್‌ವಾಡಾ ಇತ್ತು, ನಜರ್‌ಬಾಗ್ ಇತ್ತು, ಊರ ಹೊರಗೆ ಮಕರಪುರಾ ಅರಮನೆ ಇತ್ತು. ಆದರೂ ತರುಣ ಮಹಾರಾಜರಿಗಾಗಿ ಹೊಸ ಅರಮನೆಯ ಕೆಲಸ ಶುರುವಾಯಿತು. ನಕ್ಷೆ ಮಾಡಿದ ಮೇಜರ್ ಚಾರ್ಲ್ಸ್ ಮ್ಯಾಂಟ್ 1881ರಲ್ಲಿ ತೀರಿಕೊಂಡರು. ಕೆಲಸವನ್ನು ಮುಗಿಸಿದವರು ರಾಬರ್ಟ್ ಚಿಶೋಮ್.

ಇತ್ತ ಗೋಡೆಗಳು ಏಳುತ್ತಿದ್ದಾಗ ಅತ್ತ ತೊಟ್ಟಿಲುಗಳು ಬರಿದಾಗುತ್ತಿದ್ದವು. ಚಿಮಣಾಬಾಯಿಯವರಿಗೆ ಬಾಜೂಬಾಯಿ, ಪುತಳಾಬಾಯಿ ಎಂಬ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಇಬ್ಬರೂ ಎಳವೆಯಲ್ಲೇ ತೀರಿಕೊಂಡರು. 1883ರ ಆಗಸ್ಟ್ 3ರಂದು ಮಗ ಫತೇಸಿಂಗರಾವ್ ಹುಟ್ಟಿದ. ತಾಯಿಗೆ ಕ್ಷಯ ತಗುಲಿತು. ಆ ರೋಗದ ಕ್ರಿಮಿಯನ್ನು ಜರ್ಮನಿಯಲ್ಲಿ 1882ರಲ್ಲಷ್ಟೇ ಕಂಡುಹಿಡಿದಿದ್ದರು. ಗುಣಪಡಿಸುವ ಔಷಧ ಬರಲು ಇನ್ನೂ 60 ವರ್ಷ ಬೇಕಿತ್ತು. ಸಂಸ್ಥಾನದ ಸಂಪತ್ತೆಲ್ಲ ಇದ್ದರೂ ಉಳಿಸಿಕೊಳ್ಳಲಾಗಲಿಲ್ಲ. 1885ರ ಮೇ 7ರಂದು ಚಿಮಣಾಬಾಯಿ ತೀರಿಕೊಂಡಾಗ ಅವರ ವಯಸ್ಸು ಸುಮಾರು 21. ಮಗನಿಗೆ ಎರಡು ವರ್ಷವೂ ತುಂಬಿರಲಿಲ್ಲ. ಅರಮನೆ ಮುಗಿಯಲು ಇನ್ನೂ ಐದು ವರ್ಷವಿತ್ತು.

ಅದೇ ವರ್ಷ ಮಹಾರಾಜರ ಎರಡನೆಯ ಮದುವೆಯಾಯಿತು. ದೇವಾಸ್‌ನಿಂದ ಬಂದ ಗಜರಾಬಾಯಿಯವರಿಗೂ ಚಿಮಣಾಬಾಯಿ ಎಂದೇ ಹೆಸರಿಟ್ಟರು. ಇವರು 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಅಧ್ಯಕ್ಷೆಯಾಗಿ ದೇಶಕ್ಕೆಲ್ಲ ಪರಿಚಿತರಾದವರು. ಅವರ ಕೀರ್ತಿ ದೊಡ್ಡದು, ಅರ್ಹವಾದದ್ದೇ. ಆದರೆ ಹೆಸರು ಒಂದೇ ಆದ್ದರಿಂದ ಮೊದಲನೆಯವರು ಅವರ ನೆರಳಿನಲ್ಲಿ ಮರೆಯಾದರು. ನಾನೂ ಬಹಳ ಕಾಲ ಇಬ್ಬರನ್ನೂ ಒಬ್ಬರೇ ಎಂದುಕೊಂಡಿದ್ದೆ.

ಸಯಾಜಿರಾವ್ ಮಾತ್ರ ಮರೆತಿರಲಿಲ್ಲ. 1896ರಲ್ಲಿ ಬರೋಡಾದಲ್ಲಿ ಎದ್ದುನಿಂತ ನ್ಯಾಯಮಂದಿರಕ್ಕೂ ರಾವ್‌ಪುರಾದ ಗಡಿಯಾರ ಗೋಪುರಕ್ಕೂ ಮೊದಲ ರಾಣಿಯ ನೆನಪಿನಲ್ಲಿ ಚಿಮಣಾಬಾಯಿ ಎಂಬ ಹೆಸರು ಬಂತು. ಮಗ ಫತೇಸಿಂಗರಾವ್ 1908ರಲ್ಲಿ, 25ನೆಯ ವಯಸ್ಸಿಗೇ ತೀರಿಕೊಂಡರು. ಅದೇ ವರ್ಷ ಹುಟ್ಟಿದ್ದ ಮೊಮ್ಮಗ ಪ್ರತಾಪಸಿಂಗರಾವ್ 1939ರಲ್ಲಿ ಗದ್ದುಗೆ ಏರಿದರು. ತಂಜಾವೂರಿನ ಆ ಹೆಣ್ಣುಮಗಳ ಕುಡಿಯೇ ಕೊನೆಗೆ ಬರೋಡಾವನ್ನು ಆಳಿತು.

ಈಗ ನೆಂಟರೊಡನೆ ಹೋದಾಗ ನಾನು ಎರಡು ಅರಮನೆಗಳಲ್ಲಿ ಯಾವುದು ದೊಡ್ಡದು ಎಂಬ ಚರ್ಚೆಗೆ ಇಳಿಯುವುದಿಲ್ಲ. ದರಬಾರ್ ಹಾಲ್ ನೋಡುವ ಮುಂಚೆ ಲಕ್ಷ್ಮೀಬಾಯಿಯ ಕಥೆ ಹೇಳುತ್ತೇನೆ, ಬಾಜೂಬಾಯಿ, ಪುತಳಾಬಾಯಿ ಎಂಬ ಪುಟ್ಟ ಹೆಸರುಗಳನ್ನೂ ಹೇಳುತ್ತೇನೆ. ಮದುವೆಯಾದಾಗ ಕಳೆದುಹೋದ ತವರಿನ ಹೆಸರು ತಾನು ಒಂದು ದಿನವೂ ಬಾಳದ ಮನೆಯ ಮೇಲೆ ಉಳಿದುಕೊಂಡಿದೆ. ಸಖಿಯರೇ, ಮುಂದಿನ ಸಲ ನೀವು ಹೋದಾಗ ನಿಮ್ಮ ಮಕ್ಕಳಿಗೂ ಇದನ್ನು ಹೇಳಿ.